ಜಾಮೀನುದಾರನಿಲ್ಲದ ಒಪ್ಪಂದ

ಎರಡನೆಯ ಮಹಾಯುದ್ಧ ಆಗಿಯೇ ತೀರುತ್ತದೆಂದು ಹತ್ತು ವರ್ಷ ಮೊದಲೇ ಹೇಳಿದ ಮಹಾನುಭಾವರೊಬ್ಬರಿದ್ದರು. ಅವರು ಲಂಡನ್ನಿನಲ್ಲಿರಲಿಲ್ಲ, ಲಿಂಗಸುಗೂರಿನ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತಿದ್ದರು. ನನ್ನ ಮಾವನವರು! ಕರಾರು ಪತ್ರ ಬರೆದುಕೊಡುವುದು ಅವರ ಕಸುಬು.

ನಾನು ಸೊಸೆಯಾಗಿ ಬಂದ ಹೊಸತು. ಒಂದು ದಿನ ಹೈದರಾಬಾದಿನ ಹಳೆಯ ಪತ್ರಿಕೆ ಓದುತ್ತಿದ್ದವರು "ಅಯ್ಯೋ ಶಿವನೇ!" ಎಂದು ಕೂಗಿದರು. ಯಾರೋ ಸತ್ತರೆಂದು ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ನೋಡಿದರೆ, ಇನ್ನು ಯುದ್ಧ ಮಾಡುವುದಿಲ್ಲವೆಂದು ದೊಡ್ಡ ದೊಡ್ಡ ದೇಶಗಳು ಪ್ಯಾರಿಸ್ಸಿನಲ್ಲಿ ಸಹಿ ಹಾಕಿದ್ದವು.

"ಚಲೋ ಸುದ್ದಿ ಅಲ್ಲೇನ್ರೀ?" ಅಂದರು ಅತ್ತೆ.

"ಏನ್ ಚಲೋ! ಇಷ್ಟು ದೇಶ ಸಹಿ ಹಾಕ್ಯಾವ, ಜಾಮೀನುದಾರ ಒಬ್ಬಾವನೂ ಇಲ್ಲ! ತಪ್ಪಿದ್ರ ಯಾರನ್ನ ಹಿಡೀಬೇಕು? ಕುಂಟ ಎತ್ತು ಮಾರಾಕ ಬಂದ್ರೂ ನಾ ಜಾಮೀನು ಕೇಳ್ತೀನಿ!"

ಅಂದೇ ಪ್ಯಾರಿಸ್ಸಿಗೆ ಪತ್ರ ಬರೆದರು. ನಿಜಾಮರ ಟಿಕೀಟು ಅಷ್ಟು ದೂರ ನಡೆಯುವುದಿಲ್ಲವೆಂದು ಟಪಾಲಿನವನು ಲಕೋಟೆ ಮರಳಿಸಿದ. ಮಾವನವರಿಗೆ ಮತ್ತೊಂದು ಆಘಾತ! "ಲಡಾಯಿ ನಿಲ್ಸೋ ಕಾಗದಕ್ಕೂ ಟಿಕೀಟು ಕೇಳ್ತಾನಲ್ಲ ಇಂವ!"

ಇಂಥವರು ಸ್ವಂತ ತಮ್ಮನೊಡನೆ ಮಾತು ಬಿಟ್ಟಿದ್ದರು ಎಂದರೆ ನಂಬುತ್ತೀರಾ? ನಾನಂತೂ ದಂಗಾಗಿ ಹೋದೆ. ಹಿತ್ತಲ ಬಾವಿಗೆ ಮೊದಲು ಯಾರ ಕೊಡ ಇಳಿಯಬೇಕೆಂಬ ಜಗಳಕ್ಕೆ, ಎರಡು ಮನೆಗಳ ನಡುವಿನ ಬಾಗಿಲಿಗೆ ಮೊಳೆ ಬಡಿದಿದ್ದರು! ರಾಜಿ ಪತ್ರವನ್ನೇನೋ ಮಾವನವರೇ ಬರೆದಿಟ್ಟಿದ್ದರು, ಹತ್ತೊಂಬತ್ತು ಕಲಮಿನದು. ಆದರೆ ಜಾಮೀನು? ಇಬ್ಬರನ್ನೂ ಬಲ್ಲ ಊರವರು ದೂರದಿಂದಲೇ ಕೈ ಮುಗಿದರು. ಜಾಮೀನುದಾರನನ್ನು ಹುಡುಕುತ್ತ ಮಾವನವರು ಗುರುಗುಂಟಾಕ್ಕೆ ಹೋದರು, ಮಸ್ಕಿಗೆ ಹೋದರು. ಅಲ್ಲಿಗೂ ಇವರ ಕೀರ್ತಿ ಮುಟ್ಟಿತ್ತು.

"ಇಬ್ಬರೂ ಒಂದ ತಾಟಿನ್ಯಾಗ ಉಣ್ರಿ, ಮುಗೀತು. ನಮ್ಮ ಹಿರ್ಯಾರು ಹಂಗ ಮಾಡ್ತಿದ್ರು," ಅನ್ನುತ್ತಿದ್ದರು ಅತ್ತೆ.

"ರೊಟ್ಟಿ ಏನು ದಸ್ತಾವೇಜೇನು?"

ಹೀಗೇ ಹತ್ತು ವರ್ಷ! ಅಷ್ಟರಲ್ಲಿ ಆ ತಮ್ಮನ ಒಬ್ಬನೇ ಮಗ ಫೌಜಿಗೆ ಸೇರಿದ. ಒಂದು ಮಧ್ಯಾಹ್ನ ಯುದ್ಧ ಶುರುವಾದ ಸುದ್ದಿ ಬಂತು. 'ನಾ ಹೇಳಿದ್ದಿಲ್ಲೇನು' ಎಂದು ಮಾವನವರು ಊರೆಲ್ಲ ಮೆರೆಯುತ್ತಾರೆಂದುಕೊಂಡೆವು. ಅವರು ಪತ್ರಿಕೆ ಮಡಚಿ ಬದಿಗಿಟ್ಟರು. ಮುಚ್ಚಿದ ಬಾಗಿಲಾಚೆ ಹುಡುಗನ ತಾಯಿ, ನಮ್ಮ ಚಿಕ್ಕತ್ತೆ, ಅಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಾವನವರು ಪೆಟ್ಟಿಗೆಯಿಂದ ರಾಜಿ ಪತ್ರ ತೆಗೆದು ಏನೋ ಬರೆದರು. ಆಮೇಲೆ ಇಕ್ಕಳ ತಂದು ಬಾಗಿಲಿನ ಮೊಳೆಗಳನ್ನು ಒಂದೊಂದೇ ಕಿತ್ತರು! ಪತ್ರವನ್ನೂ ರೊಟ್ಟಿಯ ತಾಟನ್ನೂ ಹಿಡಿದು ಆಚೆ ಹೋಗಿ ತಮ್ಮನ ಎದುರು ಕೂತರು. ನಾವು ಬಾಯಿಗೆ ಸೆರಗು ಹಿಡಿದು ನಿಂತೆವು.

ತಮ್ಮ ತಲೆ ಎತ್ತಿ ಕೇಳಿದರು: "ಜಾಮೀನುದಾರ ಸಿಕ್ಕನೇನಣ್ಣಾ?"

"ಸಿಕ್ಕಾನ ತಮ್ಮಾ. ನಿನ್ನ ಮಗನ ಹೆಸರು ಬರದೀನಿ. ಬಂದು ಸಹಿ ಹಾಕ್ತಾನ. ನೀ ಉಣ್ಣು."

ಆ ಪತ್ರ ಈಗ ನನ್ನ ಟ್ರಂಕಿನಲ್ಲಿದೆ. ಹುಡುಗ ಬರಲಿಲ್ಲ, ಸಹಿಯ ಜಾಗ ಖಾಲಿಯೇ ಉಳಿಯಿತು. ಅಣ್ಣ ತಮ್ಮ ಮಾತ್ರ ಇರುವವರೆಗೂ ಒಂದೇ ತಾಟಿನಲ್ಲಿ ಉಂಡರು. ಉಣ್ಣುವ ಮುಂಚೆ, ಜಾಮೀನುದಾರನಿಗೆಂದು ಒಂದು ರೊಟ್ಟಿ ಎತ್ತಿಡುತ್ತಿದ್ದರು.