ಹಳಿ ಮುಗಿಯುವ ಊರಿಗೆ ಪುಳಿಯೋಗರೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಾಲಿನ ಪ್ಯಾಕೆಟ್ ಒಳಗೆ ತಂದು, ನಲ್ಲಿ ನೀರು ಬರುವಷ್ಟರಲ್ಲಿ ಎಳ್ಳು ಮೆಂತ್ಯ ಹುರಿದಿಟ್ಟೆ. ಕಡಲೆಬೀಜದ ಗಾತ್ರದ ಕಟ್ಟಿ ಇಂಗನ್ನು ಎಣ್ಣೆಯಲ್ಲಿ ಅರಳಿಸಿ ಪುಡಿ ಮಾಡಿ, ಪುಳಿಯೋಗರೆ ಗೊಜ್ಜಿಗೆ ಹಾಕಿದೆ. ಜೀವನ್ ಬಿಮಾ ನಗರದ ನಮ್ಮ ಬೀದಿಯಲ್ಲಿ ಅಷ್ಟು ಬೇಗ ಇಂಗಿನ ವಾಸನೆ ಎದ್ದಿತೆಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು: ನಮ್ಮ ಭಾವ ಊರಿಗೆ ಹೊರಟರು!

ರಾಮೇಶ್ವರದವರೆಗೆ ಹೋಗಿ ದೇವರ ದರ್ಶನ ಮಾಡದೆ ವಾಪಸು ಬಂದ ಮಹಾನುಭಾವರು ನಮ್ಮ ಭಾವನನ್ನು ಬಿಟ್ಟು ಇನ್ನೊಬ್ಬರಿದ್ದರೆ ತೋರಿಸಿ, ನೋಡೋಣ. ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ, ಬೈಯಪ್ಪನಹಳ್ಳಿಯಲ್ಲಿ ರೈಲು ಹಳಿಯ ಕಡೆಗೆ ಕಿಟಕಿ ಇರುವ ಒಂದು ಬಾಡಿಗೆ ಕೋಣೆಯಲ್ಲಿದ್ದರು. ತಾವೇ ಬೇಯಿಸಿಕೊಳ್ಳುತ್ತಿದ್ದರು. ಗುಡಿ, ಅರಮನೆ, ಜಲಪಾತ ಯಾವುದೂ ಅವರಿಗೆ ಬೇಡ. ರೈಲು ಹಳಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಹೋಗಬೇಕು, ಹಳಿಯ ಕೊನೆಗೆ ಅಡ್ಡ ಇಟ್ಟ ದಿಮ್ಮಿಯನ್ನು ಕೈಯಿಂದ ಮುಟ್ಟಬೇಕು, ಮುಂದಿನ ಗಾಡಿಗೆ ಹಿಂದಿರುಗಬೇಕು. ಅಷ್ಟೇ!

"ದಿಮ್ಮಿ ಮುಟ್ಟಿದ್ರೆ ಏನು ಸಿಗತ್ತೆ ಭಾವ?" ಎಂದು ಒಮ್ಮೆ ಕೇಳಿದ್ದೆ.

"ಇನ್ನು ಮುಂದಕ್ಕಿಲ್ಲ ಅನ್ನೋ ನೆಮ್ಮದಿ ಕಣಮ್ಮಾ" ಎಂದಿದ್ದರು.

ಇಂಥವರಿಗೆ ನಿವೃತ್ತಿಯ ಮರುವರ್ಷವೇ ಡಾಕ್ಟರು ಗೋಧಿ ನಿಲ್ಲಿಸಿಬಿಟ್ಟರು. ಅದರಲ್ಲಿ ಗ್ಲುಟೆನ್ ಎಂಬ ಅಂಟಿದೆಯಂತೆ, ಅದು ಇವರ ಕರುಳಿಗೆ ಶತ್ರುವಂತೆ, ಚಿಟಿಕೆಯಷ್ಟು ಹೋದರೂ ಕಾಟವಂತೆ. ಆ ಕಾಲದಲ್ಲಿ ನಾವ್ಯಾರೂ ಆ ಹೆಸರನ್ನೇ ಕೇಳಿರಲಿಲ್ಲ. ಕಾಯಿಲೆಯ ಗಂಭೀರತೆ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಊಟಕ್ಕೆ ಕರೆದು ಅಕ್ಕಿರೊಟ್ಟಿ ತಟ್ಟಿದೆ. ರೊಟ್ಟಿ ಬಿರುಕು ಬಿಡಬಾರದೆಂದು, ಅಮ್ಮ ಕಲಿಸಿದ ಅಭ್ಯಾಸ, ಒಂದು ಹಿಡಿ ಗೋಧಿಹಿಟ್ಟನ್ನು ಕೈ ತಾನಾಗಿಯೇ ಬೆರೆಸಿತ್ತು. ಭಾವ ಎರಡು ದಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿಯ ಕೆಳಗೆ ಮಲಗಿದರು. ನಾನು ಮಂಚದ ಪಕ್ಕ ನಿಂತು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಅತ್ತೆ. "ಇನ್ನು ನಿಮಗೆ ನಾನು ಅಡುಗೆ ಮಾಡಲ್ಲ" ಎಂದೆ. ಅವರು ಕಣ್ಣು ಮುಚ್ಚಿಕೊಂಡೇ, "ಹಾಗಂದ್ರೆ ಹೇಗೆ? ನನ್ನ ರೈಲಿಗೆ ಪುಳಿಯೋಗರೆ ಯಾರು ಕಟ್ತಾರೆ?" ಎಂದರು.

ಅಂದಿನಿಂದ ನಾನೇ ಕಟ್ಟಿದೆ.

ಈ ಕಾಯಿಲೆ ಹಣವಂತರಿಗೆ ಬಂದಿದ್ದರೆ ಜೊತೆಗೆ ಅಡುಗೆಯವನನ್ನೇ ಕರೆದೊಯ್ಯುತ್ತಿದ್ದರೇನೋ. ಭಾವನದು ಜನರಲ್ ಬೋಗಿ, ಧರ್ಮಛತ್ರ, ನಿಲ್ದಾಣದ ನಲ್ಲಿ. ಉತ್ತರಕ್ಕೆ ಹೋದಂತೆಲ್ಲ ಅಗ್ಗವಾಗಿ ಸಿಗುವುದೆಲ್ಲ ಗೋಧಿಯೇ! ಒಂದು ಛತ್ರದಲ್ಲಿ ಎಲ್ಲರಿಗೂ ನಾಲ್ಕು ರೊಟ್ಟಿ, ಒಂದು ಸೌಟು ಅನ್ನ. ಇವರು ರೊಟ್ಟಿಗಳನ್ನು ಬೀಸಣಿಗೆಯಂತೆ ಹಿಡಿದು ಪಂಕ್ತಿಯಲ್ಲಿ ಓಡಾಡಿ, ಅನ್ನಕ್ಕೆ ಬದಲಾಯಿಸಿಕೊಂಡರಂತೆ. ಮರುದಿನ ಬಡಿಸುವವನೇ ಕೂಗಿದನಂತೆ: "ರೊಟ್ಟಿ ಅಂಗಡಿಯವರು ಬಂದ್ರು, ಅನ್ನ ತೆಗೆದಿಡಿ!"

ಬಾಯಿ ತುಂಬ ಪ್ರಶ್ನೆ ಬೇರೆ. ನೂರಡಿ ರಸ್ತೆಯಲ್ಲಿ ಹೊಸದಾಗಿ ತೆರೆದ ಹೋಟೆಲಿಗೆ, ನಮ್ಮ ಮದುವೆಯ ವಾರ್ಷಿಕೋತ್ಸವವೆಂದು ಅವರನ್ನೂ ಕರೆದೊಯ್ದೆವು. ಸೂಪ್ ಗಟ್ಟಿಯಾಗಲು ಏನು ಹಾಕ್ತೀರಿ, ಅದೇ ಬಾಣಲೆಯಲ್ಲಿ ಮೈದಾ ಕರಿದಿದ್ದೀರಾ, ಎಂದು ಎತ್ತರದ ಬಿಳಿ ಟೋಪಿಯ ಅಡುಗೆಯವನನ್ನೇ ಮೇಜಿಗೆ ಕರೆಸಿ ವಿಚಾರಣೆ ನಡೆಸಿದರು. ಕೊನೆಗೆ ಆತ ಟೋಪಿ ತೆಗೆದು, "ಸರ್, ನೀವೇ ಒಳಗೆ ಬಂದು ಮಾಡ್ಕೊಂಡು ಬಿಡಿ" ಎಂದ. ಭಾವ ನಿಜವಾಗಿಯೂ ಎದ್ದರು! ಯಜಮಾನರು ಅಂಗಿ ಹಿಡಿದು ಕೂರಿಸಿದರು.

ಪರಸ್ಥಳದಲ್ಲಿ ಭಾಷೆಯ ತೊಂದರೆಯಾಗದಿರಲೆಂದು ನಾನೊಂದು ಕಾರ್ಡು ಬರೆದುಕೊಟ್ಟೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿಸಿದ ದುಂಡು ಅಕ್ಷರದಲ್ಲಿ, ಇಂಗ್ಲಿಷು, ಹಿಂದಿ ಎರಡರಲ್ಲೂ: ಇವರಿಗೆ ಗೋಧಿ, ಮೈದಾ, ರವೆ ಆಗುವುದಿಲ್ಲ. ಕೆಳಗೆ, ಇರಲಿ ಎಂದು, ನಮ್ಮ ವಿಳಾಸ, ಫೋನ್ ನಂಬರು. ಅದನ್ನು ಅವರು ಕತ್ತಿಗೇ ನೇತುಹಾಕಿಕೊಂಡರು. ಒಂದು ಮಧ್ಯಾಹ್ನ ಉತ್ತರದ ಯಾವುದೋ ನಿಲ್ದಾಣದಿಂದ ಪೊಲೀಸರ ಫೋನು: "ನಿಮ್ಮ ಮುದುಕರು ಸಿಕ್ಕಿದ್ದಾರೆ, ಬಂದು ಕರ್ಕೊಂಡು ಹೋಗಿ." ಅವರು ಕಳೆದೇ ಹೋಗಿಲ್ಲವೆಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದರೆ, "ಹಾಗಾದ್ರೆ ಕತ್ತಿನಲ್ಲಿ ವಿಳಾಸ ಯಾಕೆ?" ಎಂಬ ಪ್ರಶ್ನೆ! ಹಿನ್ನೆಲೆಯಲ್ಲಿ ಭಾವನ ದನಿ ಕೇಳುತ್ತಿತ್ತು: "ಬಿಡಿಸ್ಬೇಡಮ್ಮಾ ಈಗ್ಲೇ, ಅನ್ನ ತರಿಸ್ತಿದ್ದಾರೆ!"

ನಾವು ನಕ್ಕೆವು. ಆದರೆ ಪ್ರತಿ ಸಲ ಹಿಂದಿರುಗಿದಾಗಲೂ ಅವರ ಅಂಗಿಯ ಕಾಲರು ಕತ್ತಿಗೆ ಇನ್ನಷ್ಟು ದೊಡ್ಡದಾಗಿರುತ್ತಿತ್ತು. ಆ ಸಲ ಗುಜರಾತಿನ ಕೊನೆಯ ಓಖಾಕ್ಕೆ ಹೊರಟಾಗ ಯಜಮಾನರು ಖಂಡಿತವಾಗಿ ಹೇಳಿದರು: "ಅಣ್ಣ, ಈ ಸಲ ಸೊರಗಿ ಬಂದ್ರೆ ಇದೇ ಕೊನೆ. ಆ ಕೋಣೆ ಖಾಲಿ ಮಾಡಿ ನಮ್ಮನೇಲೇ ಇರ್ಬೇಕು. ರೈಲು ಗೀಲು ಏನೂ ಇಲ್ಲ."

ಭಾವ ತಮ್ಮ ಕೋಣೆಯ ಕಿಟಕಿಯನ್ನೇ ಯಾರೋ ಕಿತ್ತುಕೊಂಡಂತೆ ಕುಳಿತರು. ನಾನೇ ಮಧ್ಯೆ ಬಿದ್ದೆ: "ಡಬ್ಬಿ ತುಂಬ ಪುಳಿಯೋಗರೆ ಕಳಿಸ್ತೀನಲ್ಲ, ಎರಡು ದಿನಕ್ಕೆ ಯೋಚನೆ ಇಲ್ಲ. ಸೊರಗಲ್ಲ ಬಿಡಿ."

ನನಗಿದ್ದ ಹೆಮ್ಮೆ ಅದೊಂದೇ. ದೇಶದ ಅಡುಗೆಯವರನ್ನೆಲ್ಲ ಪ್ರಶ್ನಿಸಿದ ಮನುಷ್ಯ ನನ್ನ ಅಡುಗೆಮನೆಗೆ ಒಂದೂ ಪ್ರಶ್ನೆ ಕೇಳಿದವರಲ್ಲ. ನಮ್ಮಲ್ಲಿಗೆ ಬಂದಾಗ ಮಾತ್ರ ಮೊಸರನ್ನ ಸಾಕೆನ್ನುತ್ತಿದ್ದರು, ಅದೂ ಒಗ್ಗರಣೆಯಿಲ್ಲದ್ದು. ಸರಳ ಜೀವ ಎಂದುಕೊಂಡಿದ್ದೆ. ಆದರೆ ಊರಿಂದ ಬಂದ ಕೂಡಲೇ, ಫಳಫಳ ತೊಳೆದ ಖಾಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟು, "ಒಂದಗಳು ಬಿಡಲಿಲ್ಲ ನೋಡಮ್ಮಾ" ಎನ್ನುತ್ತಿದ್ದರು.

ಆ ಬೆಳಿಗ್ಗೆಯೂ ಬಿಸಿ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, ದಂಡು ನಿಲ್ದಾಣಕ್ಕೆ ಬಸ್ಸು ಹಿಡಿಯಬೇಕೆಂದು ಅವಸರವಾಗಿ ಗೇಟು ದಾಟಿದರು.

ಸಂಜೆ ದೀಪ ಹಚ್ಚುತ್ತಿದ್ದಾಗ ಪಕ್ಕದ ಮನೆಯ ಸರೋಜಮ್ಮ ಬಂದರು. ಕೈಯಲ್ಲಿ ನನ್ನ ಡಬ್ಬಿಯ ಮುಚ್ಚಳ!

"ನಿಮ್ ಭಾವ ಅವಸರದಲ್ಲಿ ಇದನ್ನ ನಮ್ಮನೇಲೇ ಬಿಟ್ಟು ಹೋದ್ರು ನೋಡಿ."

"ನಿಮ್ಮನೇಲಾ?"

"ಹೂಂ ರೀ, ಪ್ರತಿ ಸಲ ಹಾಗೇ ಅಲ್ವಾ? ಪುಳಿಯೋಗರೆ ನಮ್ಮ ಪಾತ್ರೆಗೆ ಸುರಿದು, ನಮ್ಮ ನಲ್ಲೀಲೇ ಡಬ್ಬಿ ತಿಕ್ಕಿ, ಚೀಲದಿಂದ ರಾಗಿ ಹುರಿಹಿಟ್ಟು ಈ ಮುಚ್ಚಳದಲ್ಲೇ ಮೊಗೆದು ತುಂಬ್ಕೊಂಡು ಹೋಗ್ತಾರೆ. ಕಟ್ಟಿ ಇಂಗಿಗೆ ಗೋಧಿಹಿಟ್ಟು ಬೆರೆಸಿರ್ತಾರಂತಲ್ಲ, ಅದಕ್ಕೆ. 'ಅವಳಿಗೆ ಹೇಳ್ಬೇಡಿ, ಆಸ್ಪತ್ರೇಲಿ ಅತ್ತ ಹಾಗೆ ಮತ್ತೆ ಅಳ್ತಾಳೆ' ಅಂತಿದ್ರು. ಅಯ್ಯೋ, ಹೇಳೇಬಿಟ್ನಲ್ಲ!"

ಮುಚ್ಚಳವನ್ನು ಕೈಗೆ ತೆಗೆದುಕೊಂಡೆ. ಒಳಗಡೆ, ಅಂಚಿನಲ್ಲಿ, ರಾಗಿಯ ಕೆಂಪು ಹುಡಿ ಇನ್ನೂ ಅಂಟಿತ್ತು.

ಸರೋಜಮ್ಮ ಹೊಸ್ತಿಲು ದಾಟಿದವರು ತಿರುಗಿ ನೋಡಿ ಹೇಳಿದರು: "ಆದ್ರೂ ಈ ಸಲ ಉಪ್ಪು ಒಂದು ಚೂರು ಮುಂದಿತ್ತು ರೀ."