ಒಂಬತ್ತು ಡಾಲರಿನ ಬ್ರಷ್ಷು

ಯುಸೆಬಿಯೊ ಲುಹಾನ್ ಟೂಸಾನಿನಲ್ಲಿ ಮೂವತ್ತು ವರ್ಷ ಶಾಲಾ ಬಸ್ಸುಗಳ ಎಂಜಿನ್ ಬಿಚ್ಚಿ ಜೋಡಿಸಿದವನು. ಗುಡುಗಿಗೆ ಬೆಚ್ಚಿದವನಲ್ಲ, ಅರಿಜೋನಾದ ಬಿಸಿಲಿಗೆ ಬೆದರಿದವನೂ ಅಲ್ಲ. ಆದರೆ ಹಲ್ಲಿನ ಡಾಕ್ಟರ ಕುರ್ಚಿ ಒಂದಿಷ್ಟು ಹಿಂದಕ್ಕೆ ವಾಲಿತೋ, ಅವನ ಜೀವ ಬಾಯಿಗೆ ಬರುತ್ತಿತ್ತು. ಬಾಯಿ ತೆರೆದೇ ಇರುತ್ತಿದ್ದರಿಂದ ಅದು ಹಾರಿಹೋಗದಿದ್ದದ್ದೇ ಪುಣ್ಯ!

ಆಗಸ್ಟಿನಲ್ಲಿ ಹಲ್ಲು ಶುಚಿಮಾಡುವ ಮಿಸ್ ಟಾಲಿವರ್ ಅವನ ಒಸಡಿಗೆ ಕಡ್ಡಿ ಹಾಕಿ ಅಳೆದು, ತುಟಿ ಕಚ್ಚಿಕೊಂಡಳು.

"ಒಸಡು ಹಲ್ಲು ಬಿಟ್ಟು ಸರೀತಾ ಇದೆ, ಲುಹಾನ್ ಅವರೇ. ಕರೆಂಟಿನ ಬ್ರಷ್ ತಗೊಳ್ಳಿ. ದುಬಾರಿಯದೇನೂ ಬೇಡ. ಎರಡು ನಿಮಿಷಕ್ಕೆ ತಾನೇ ನಿಲ್ಲಬೇಕು, ಜೋರಾಗಿ ಒತ್ತಿದ್ರೆ ಎಚ್ಚರಿಸಬೇಕು, ಅಷ್ಟೇ. ಇಲ್ಲಾಂದ್ರೆ ಮೂರು ತಿಂಗಳಾದ್ಮೇಲೆ ಒಸಡು ಕೊಯ್ಯಬೇಕಾಗುತ್ತೆ."

ಅಷ್ಟು ಮಾತಿನಲ್ಲಿ ಯುಸೆಬಿಯೊನ ಜೊತೆ ಮನೆಗೆ ಬಂದದ್ದು 'ಕೊಯ್ಯುವುದು' ಒಂದೇ. ಅಂದು ಮಧ್ಯಾಹ್ನದ ಊಟಕ್ಕೆ ಹೆಂಡತಿ ಡೆಲ್ಫಿನಾ ಟೊಮೆಟೊ ಕೊಯ್ಯುತ್ತಿದ್ದರೆ ಅವನು ಮುಖ ತಿರುಗಿಸಿಕೊಂಡ.

"ನಲವತ್ತು ಡಾಲರಿಗೆ ಒಳ್ಳೇ ಬ್ರಷ್ ಸಿಗುತ್ತಂತೆ. ಈಗ್ಲೇ ಹೋಗಿ ತಗೊಂಡು ಬಾ," ಎಂದಳು ಅವಳು.

"ಎಂಜಿನ್ ವಿಷಯ ನನಗೆ ಹೇಳಿಕೊಡ್ತೀಯಾ ಫಿನಾ? ಬ್ರಷ್ ಅಂದ್ರೇನು? ಒಂದು ಮೋಟಾರು, ಒಂದು ಬ್ಯಾಟರಿ, ನಾಲ್ಕು ಕೂದಲು! ನೋಡ್ತಿರು, ಕಾಲುಭಾಗ ದುಡ್ಡಿಗೆ ರಾಜನಂಥ ಬ್ರಷ್ ತರ್ತೀನಿ!"

ಹೋದ, ತಂದ. ಅಂಗಡಿಯ ಮೂಲೆಯಲ್ಲಿ, ಯಾರಿಗೂ ಬೇಡವಾದ ಸರಕು ಸುರಿದಿದ್ದ ಬುಟ್ಟಿಯಿಂದ ಒಂಬತ್ತು ಡಾಲರಿಗೆ. ಕಂಪನಿಯ ಹೆಸರನ್ನು ಯಾವ ಭಾಷೆಯಲ್ಲೂ ಉಚ್ಚರಿಸಲು ಸಾಧ್ಯವಿರಲಿಲ್ಲ. ಗುಂಡಿ ಮಾತ್ರ ಬೆಣ್ಣೆಯಷ್ಟು ಮೃದು, ಮುಟ್ಟುವ ಮೊದಲೇ ಒತ್ತಿಕೊಳ್ಳುತ್ತಿತ್ತು. ಮೊದಲ ದಿನ ಬಾಯಿಗಿಟ್ಟಾಗ ಬಸ್ಸು ಕಲ್ಲುದಾರಿಯಲ್ಲಿ ಓಡಿದಂತಾಗಿ, ಕನ್ನಡಿಯ ತುಂಬಾ ನೊರೆ ಹಾರಿತು.

"ಶಕ್ತಿ ಅಂದ್ರೆ ಇದು!" ಎಂದ ಯುಸೆಬಿಯೊ, ಕಣ್ಣಿನಲ್ಲಿ ಬಿದ್ದ ಪೇಸ್ಟು ಒರೆಸಿಕೊಳ್ಳುತ್ತಾ. ಬಳಿಕ ಬ್ರಷ್ಷನ್ನು ಸ್ನಾನದ ಕೋಣೆಯ ಬೇಸಿನ್ನಿನ ಕೆಳಗಿನ ಕಪಾಟಿನಲ್ಲಿ, ಹೆಂಡತಿಯ ಹೇರ್‌ಪಿನ್ನುಗಳ ತಗಡಿನ ಡಬ್ಬಿಯೊಳಗೆ ಇಟ್ಟ.

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಡೆಲ್ಫಿನಾ ಸ್ನಾನಕ್ಕೆ ಹೋಗಿದ್ದಳು. ಕಾಫಿ ಪುಡಿ ಎಲ್ಲಿದೆ ಎಂದು ಕೇಳಲು ಯುಸೆಬಿಯೊ ಸ್ನಾನದ ಕೋಣೆಯ ಬಾಗಿಲು ತೆರೆದ. ಪರದೆಯ ಹಿಂದೆ ನೀರು ಬೀಳುವ ಸದ್ದು ಆಗಷ್ಟೇ ನಿಂತಿತ್ತು. ಆ ನಿಶ್ಶಬ್ದದಲ್ಲಿ, ಕಪಾಟಿನೊಳಗಿನಿಂದ:

"ಚರ್‌ರ್‌ರ್‌ರ್‌ರ್..."

ಮರುಭೂಮಿಯ ಅಂಚಿನಲ್ಲಿ ಹುಟ್ಟಿದವರಿಗೆ ಆ ಸದ್ದನ್ನು ಯಾರೂ ಪರಿಚಯಿಸಬೇಕಿಲ್ಲ. ಗಿಲಕಿ ಹಾವು! ಬಾಲ ಅಲ್ಲಾಡಿಸಿ ಎಚ್ಚರಿಸುತ್ತದೆ, ಆಮೇಲೆ ಕಚ್ಚುತ್ತದೆ. ಹೋದ ವಾರವಷ್ಟೇ ಎದುರು ಮನೆಯ ಗ್ಯಾರೇಜಿನಿಂದ ಒಂದನ್ನು ಹಿಡಿದೊಯ್ದಿದ್ದರು.

"ಫಿನಾ! ಅಲ್ಲಾಡಬೇಡ! ಹಾವು! ಗಿಲಕಿ ಹಾವು! ಕಪಾಟಿನಲ್ಲಿ!"

ಎಂದವನೇ ಬಾಗಿಲನ್ನು ಧಡ್ಡನೆ ಎಳೆದ. ತಾನು ಹೊರಗಿದ್ದ.

ಒಳಗಿನಿಂದ ಹೆಂಡತಿಯ ದನಿ: "ಯುಸೆಬಿಯೊ, ಬಾಗಿಲು ಯಾರು ಹಾಕಿದ್ದು?"

"ಗಾಳಿ!"

"ಬೆಳಿಗ್ಗೆಯಿಂದ ಒಂದು ಎಲೆನೂ ಅಲ್ಲಾಡಿಲ್ಲವಲ್ಲೋ! ತಲೆ ತುಂಬಾ ಶಾಂಪೂ ಇದೆ, ಕಣ್ಣು ಬಿಡೋಕಾಗ್ತಿಲ್ಲ. ಅದು ಎಲ್ಲಿದೆ ನೋಡು!"

ನೋಡಬೇಕೆಂದೇ ಅವನಿಗೂ ಇತ್ತು. ಮೂವತ್ತಾರು ವರ್ಷ ಜೊತೆಗೆ ಬಾಳಿದ ಹೆಂಡತಿ ಕಣ್ಮುಚ್ಚಿಕೊಂಡು ಹಾವಿನೆದುರು ಒಂಟಿಯಾಗಿ ನಿಂತಿದ್ದಾಳೆ! ಯುಸೆಬಿಯೊ ಪೊರಕೆ ತಂದ. ಬಾಗಿಲ ಹಿಡಿಕೆಗೆ ಕೈ ಹಾಕಿದ. "ಚರ್‌ರ್‌ರ್..." ಕೈ ತಾನೇ ಹಿಂದಕ್ಕೆ ಬಂತು. ದೇವರ ಹೆಸರು ಹೇಳಿ ಮತ್ತೆ ಕೈ ಹಾಕಿದ. ಮತ್ತೆ "ಚರ್‌ರ್‌ರ್!" ಈ ಸಲ ಕೈಯೊಂದೇ ಅಲ್ಲ, ಇಡೀ ಯುಸೆಬಿಯೊ ಹಿಂದಕ್ಕೆ ಬಂದು, ಪಡಸಾಲೆಯ ಸೋಫಾ ಹತ್ತಿ ನಿಂತ. ಬೆವರಿನ ಬೆರಳಿಂದ, ಊರಿನಲ್ಲಿ ಹಾವನ್ನೂ ಹಿಡಿಯುವ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದ.

"ಬರ್ತಿದಾರೆ ಫಿನಾ! ಧೈರ್ಯವಾಗಿರು! ನಾನಿದ್ದೀನಿ!"

"ಎಲ್ಲಿದ್ದೀಯಾ?"

ಯುಸೆಬಿಯೊ ಕಾಲಡಿಯ ಸೋಫಾ ನೋಡಿಕೊಂಡ. ಕಣ್ಣಲ್ಲಿ ನೀರು ತುಂಬಿತು. ತಾನು ಇಂಥ ಹೇಡಿಯೆಂದು ಅವನಿಗೇ ಇಂದಿನವರೆಗೆ ಗೊತ್ತಿರಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಠಾಣೆಯಿಂದ ಮಾರ್ವಾ ಎಂಬ ಎತ್ತರದ ಹೆಂಗಸು, ದಪ್ಪ ಬೂಟು, ಉದ್ದ ಇಕ್ಕಳ, ಮುಚ್ಚಳದ ಬಕೆಟ್ಟಿನೊಂದಿಗೆ ಬಂದಳು. "ಎಷ್ಟುದ್ದ ಇದೆ?" ಎಂದು ಕೇಳಿದಳು.

"ಆರಡಿ!" ಎಂದ ಯುಸೆಬಿಯೊ, ಸೋಫಾದ ಮೇಲಿಂದಲೇ. ನೋಡದ ಹಾವಿಗೆ ಒಂದಡಿಯನ್ನೂ ಕಡಿಮೆ ಮಾಡುವ ಧೈರ್ಯ ಅವನಿಗಿರಲಿಲ್ಲ.

ಅವಳು ಬಾಗಿಲ ಬಳಿ ಹೋಗುವಷ್ಟರಲ್ಲಿ ಬಾಗಿಲೇ ತೆರೆಯಿತು. ಟವೆಲ್ ಸುತ್ತಿಕೊಂಡ ಡೆಲ್ಫಿನಾ ಹೊರಬಂದಳು. ತಲೆಯ ಮೇಲೆ ಶಾಂಪೂ ಒಣಗಿ ಬೆಳ್ಳಗಿನ ಕಿರೀಟವಾಗಿತ್ತು. ಒಂದು ಕೈಯಲ್ಲಿ ತಗಡಿನ ಡಬ್ಬಿ. ಅದರೊಳಗೆ ಪಿನ್ನುಗಳ ನಡುವೆ ಒಂಬತ್ತು ಡಾಲರಿನ ಬ್ರಷ್ಷು ಮೈಮರೆತು ಕುಣಿಯುತ್ತಿತ್ತು.

"ಹತ್ತು ನಿಮಿಷ ಹೆದರಿ ಸತ್ತೆ," ಎಂದಳು. "ಆಮೇಲೆ ಎಣಿಸೋಕೆ ಶುರು ಮಾಡ್ದೆ. ಸರಿಯಾಗಿ ಎರಡು ನಿಮಿಷ ಸದ್ದು ಮಾಡುತ್ತೆ, ನಿಲ್ಲುತ್ತೆ. ಮತ್ತೆ ತಾನೇ ಶುರು, ಮತ್ತೆ ಎರಡು ನಿಮಿಷ! ಯಾವ ಹಾವಮ್ಮಾ ಗಡಿಯಾರ ನೋಡ್ಕೊಂಡು ಬಾಲ ಅಲ್ಲಾಡಿಸುತ್ತೆ?"

ಮಾರ್ವಾ ಗುಂಡಿ ಒತ್ತಿದಳು. ಬ್ರಷ್ಷು ನಿಲ್ಲಲಿಲ್ಲ. ಇಕ್ಕಳದಿಂದ ಹಿಡಿದೆತ್ತಿ ಬಕೆಟ್ಟಿಗೆ ಹಾಕಿ, ಗಂಭೀರವಾಗಿ ಮುಚ್ಚಳ ಮುಚ್ಚಿದಳು. ಯುಸೆಬಿಯೊ ಗಂಟಲು ಸರಿಮಾಡಿಕೊಂಡ.

"ನನಗೆ ಮೊದಲೇ ಅನುಮಾನ ಇತ್ತು. ಆದ್ರೂ ಹೆಂಡತಿ ಪ್ರಾಣದ ಪ್ರಶ್ನೆ ನೋಡಿ..."

ಯಾರೂ ಅವನತ್ತ ನೋಡಲಿಲ್ಲ. ಮಾರ್ವಾ ಜೇಬಿನಿಂದ ಒಂದು ಕಾಗದ ತೆಗೆದಳು. "ಕರೆ ಬಂದ್ಮೇಲೆ ಇದನ್ನ ತುಂಬಲೇಬೇಕು. ಇಲ್ಲಿ 'ಅಪಾಯದಿಂದ ಪಾರಾದವರು' ಅಂತ ಇದೆ. ನಿಮ್ಮ ಹೆಸರು ಹೇಳಿ, ಅಮ್ಮಾ."

"ನನ್ನದ್ಯಾಕೆ?" ಎಂದಳು ಡೆಲ್ಫಿನಾ, ಕಿವಿಯೊಳಗಿನ ನೊರೆ ಒರೆಸಿಕೊಳ್ಳುತ್ತಾ. "ನಾನೇ ಬಾಗಿಲು ತೆಗೆದು ಬಂದೆ. ಸೋಫಾ ಮೇಲೆ ನಿಂತಿದಾರಲ್ಲ, ಅವರ ಹೆಸರು ಬರ್ಕೊಳ್ಳಿ. ಹಾಗೇ ಹೋಗೋ ಮುಂಚೆ ಸ್ವಲ್ಪ ಕೈ ಕೊಟ್ಟು ಕೆಳಗಿಳಿಸಿ!"