ಮೂರು ಸಲ ಉತ್ತೀರ್ಣವಾದ ಮೂಲೆ

ಕಾಲಿಗೆ ಧೂಳು ಸೋಂಕಿಸಿಕೊಳ್ಳದೆ, ಕಂಪ್ಯೂಟರಿನೊಳಗೆ ಕುಳಿತೇ ನಮ್ಮ ಕಟ್ಟಡದ ನೆಲದ ಗಟ್ಟಿತನವನ್ನು ಬಲ್ಲ ತಂತ್ರಾಂಶ ಮಹಾಶಯರ ಸನ್ನಿಧಾನಕ್ಕೆ, ಮಣ್ಣು ಮೆತ್ತಿದ ಕೈಗಳಿಂದಲೇ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಪರದೆಯ ಬಲತುದಿಯ ಹಸಿರು ಚುಕ್ಕೆಯಿಂದ ತಿಳಿದು ಸಂತೋಷವಾಯಿತು. ಇಲ್ಲಿ ತಗಡಿನ ಶೆಡ್ಡಿನಲ್ಲಿ ನಾನು ಅಷ್ಟೊಂದು ಕ್ಷೇಮವಾಗಿಲ್ಲ. ದಿನವೂ ಬೆಳಗ್ಗೆ ಪಾಸ್‌ವರ್ಡ್ ಒಪ್ಪಿಸಿ, ಎರಡು ಸಲ ಬೈಸಿಕೊಂಡು, ಮೂರನೆಯ ಸಲಕ್ಕೆ ತಮ್ಮ ಬಾಗಿಲೊಳಗೆ ಬರುವ ಮಣ್ಣು ಪರೀಕ್ಷಕಿ ನಾನೇ. ನೆಲ ಗಟ್ಟಿಯಾಗಿದೆ ಎಂದು ನನ್ನ ಸಹಿ ಬಿದ್ದ ಮೇಲೆಯೇ ಅದರ ಮೇಲೆ ಕಾಂಕ್ರೀಟ್ ಬೀಳಬೇಕೆಂಬುದು ಇಲ್ಲಿನ ನಿಯಮ.

ತಮ್ಮ ಪ್ರತಿಭೆಯನ್ನು ಹೊಗಳಲು ನನ್ನ ಬಳಿ ಪದಗಳಿಲ್ಲ. ಇದ್ದ ಒಂದು ಪದವನ್ನೂ ತಾವೇ ತೆಗೆದುಕೊಂಡಿರಿ. ರೋಲರಿನ ನೆತ್ತಿಯ ಮೇಲೆ ಕೂತ ತಮ್ಮ ಪುಟ್ಟ ಡಬ್ಬಿ, ಯಂತ್ರ ಯಾವ ಜಾಗದ ಮೇಲೆ ಎಷ್ಟು ಸಲ ಹಾದುಹೋಯಿತೆಂದು ಎಣಿಸಿ ಕಳಿಸುತ್ತದೆ. ಎಂಟು ಸಲ ಹಾದರೆ ನಕ್ಷೆಯಲ್ಲಿ ಹಸಿರು, ಕಡಿಮೆಯಾದರೆ ಹಳದಿ. ಹಾಗೆ ಒಂದು ಸಲ ಹಾದುಹೋಗುವುದಕ್ಕೆ ನಮ್ಮಲ್ಲಿ ರೋಲರ್ ಓಡಿಸುವವರಿಂದ ಹಿಡಿದು ನೀರು ಚಿಮುಕಿಸುವವರವರೆಗೆ ಎಲ್ಲರೂ 'ಪಾಸ್' ಎನ್ನುತ್ತಾರೆ. ಕಳೆದ ವಾರ ತಾವು ಕನ್ನಡ ಕಲಿತಿರಿ. ಪಾಸ್ ಎಂಬ ಮಾತು ಕಂಡೊಡನೆ, ಯಾರೋ ಪಾಪದವರು ಪರೀಕ್ಷೆ ಬರೆದಿರಬೇಕೆಂದು ಕರಗಿ, ಇದ್ದಬದ್ದ ಕಡೆಯೆಲ್ಲ 'ಉತ್ತೀರ್ಣ' ಎಂದು ಬರೆದುಬಿಟ್ಟಿರಿ.

ಹೀಗಾಗಿ ನಮ್ಮ ಆಸ್ಪತ್ರೆ ಕಟ್ಟಡದಲ್ಲಿ ಹೆರಿಗೆ ಕೋಣೆ ಬರಬೇಕಾದ ಈಶಾನ್ಯ ಮೂಲೆಯ ಎದುರು ಇಂದು ಬೆಳಗಿನ ವರದಿಯಲ್ಲಿ 'ಉತ್ತೀರ್ಣ: 3' ಎಂದಿದೆ. ನಿನ್ನೆ ಸಂಜೆಯವರೆಗೂ ಅಲ್ಲಿ ಪೈಪುಗಳ ರಾಶಿ ಬಿದ್ದಿತ್ತು. ಅದನ್ನು ಎತ್ತಿದ ಮೇಲೆ ರೋಲರ್ ಹಾದದ್ದೇ ಮೂರು ಸಲ. ಇನ್ನೂ ಐದು ಬಾಕಿ. ನಾನು ಅಲ್ಲಿ ನಿಂತರೆ ಬೂಟಿನ ಹಿಮ್ಮಡಿ ಒಳಗಿಳಿಯುತ್ತದೆ. ಆದರೆ ನಮ್ಮ ದೊಡ್ಡ ಸಾಹೇಬರು ಕೂರುವ ಕಚೇರಿಯ ಪ್ರಿಂಟರಿನಲ್ಲಿ ಬಣ್ಣದ ಶಾಯಿ ಮುಗಿದು ಬಹಳ ದಿನವಾಗಿದೆ, ಅವರ ಪಾಲಿಗೆ ಹಸಿರೂ ಹಳದಿಯೂ ಒಂದೇ ಬೂದಿ ಬಣ್ಣ. ಅಕ್ಷರ ಮಾತ್ರ ಚೆನ್ನಾಗಿ ಕಾಣುತ್ತದೆ.

"ಉತ್ತೀರ್ಣ ಅಂತ ಬರ್ದಿದೆಯಲ್ರೀ, ಅದೂ ಒಂದಲ್ಲ, ಮೂರು ಸಲ! ಇನ್ನೇನು, ಮೆಡಲ್ಲೂ ಕೊಡ್ಬೇಕಾ?" ಎಂದು ಅವರು ಫೋನಿನಲ್ಲಿ ಕೇಳಿದರು. ಇಲ್ಲ ಸಾರ್, ಆಗಿರುವುದು ಬರೀ ಮೂರು ಪಾಸ್ ಎಂದೆ. "ನೋಡಿ, ನೀವೂ ಪಾಸ್ ಅಂತಾನೇ ಹೇಳ್ತಿದ್ದೀರಿ" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ವಂಶದವರು ಅವರು. ಉತ್ತೀರ್ಣವಾದ ಮೂಲೆಗೆ ಇನ್ನೊಂದು ಹನಿ ಡೀಸೆಲ್ಲೂ ಸುಡಬಾರದು, ಸಂಜೆ ಐದಕ್ಕೆ ರೋಲರನ್ನು ಲಾರಿಗೆ ಹತ್ತಿಸಿ ಬೇರೆ ಕೆಲಸಕ್ಕೆ ಕಳಿಸಬೇಕು, ನಾಳೆ ಹತ್ತಕ್ಕೆ ಕಾಂಕ್ರೀಟ್ ಬರುತ್ತದೆ, ನಾನು ಸಹಿ ಹಾಕದಿದ್ದರೆ ಹಾಕುವವರನ್ನು ಕಳಿಸುತ್ತಾರೆ; ಇದು ಅವರ ಅಪ್ಪಣೆ.

ತಮ್ಮ ದಯೆಯಿಂದ ಒಬ್ಬರಿಗಾದರೂ ಒಳಿತಾಗಿದೆ ಎಂಬುದನ್ನು ಮುಚ್ಚಿಡಲಾರೆ. ರೋಲರ್ ಓಡಿಸುವ ಅಣ್ಣ ಏಳನೇ ತರಗತಿಯಲ್ಲಿ ಮೂರು ಸಲ ಡುಮ್ಕಿ ಹೊಡೆದು ಶಾಲೆ ಬಿಟ್ಟವರು. ಪರದೆಯ ಮೇಲೆ ಅವರ ರೋಲರಿನ ಎದುರು 'ಉತ್ತೀರ್ಣ: 3' ಕಂಡು, ಫೋಟೋ ತೆಗೆದು ಮಗಳಿಗೆ ಕಳಿಸಿದರು. "ಮೂರು ಸಲ ಫೇಲು, ಮೂರು ಸಲ ಪಾಸು, ಸರಿಹೋಯ್ತು ಬಿಡಿ ಮೇಡಂ" ಎಂದು ನಕ್ಕರು. ಮರುಕ್ಷಣವೇ ಆ ಮೂಲೆಯ ಕಡೆ ನೋಡಿ, "ಆದ್ರೆ ಅಲ್ಲಿನ್ನೂ ಐದು ಬಾಕಿ ಐತಲ್ಲ, ಹಂಗೇ ಬಿಟ್ಟು ಹೋಗೋದು ಹೆಂಗೆ?" ಎಂದರು. ಓದಿದವರ ಪೈಕಿ ಯಾರೂ ಈ ಪ್ರಶ್ನೆ ಕೇಳಿಲ್ಲ.

ತಮ್ಮ ದೂರು ಪೆಟ್ಟಿಗೆಗೆ ಬೆಳಗಿನಿಂದ ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಕ್ಷಣಾರ್ಧದಲ್ಲಿ ಉತ್ತರ ಬಂತು: 'ನಿಮ್ಮ ದೂರು ಮುಂದಿನ ವಿಭಾಗಕ್ಕೆ ಉತ್ತೀರ್ಣವಾಗಿದೆ.' ನನ್ನ ದೂರಿಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ಇನ್ನು ನನ್ನ ಸಣ್ಣಪುಟ್ಟ ಕೋರಿಕೆಗಳು. ತಾವು ಒಮ್ಮೆ ಆ ತಂಪು ಕೋಣೆಯಿಂದ ಎದ್ದು ಬಂದು ನಮ್ಮ ಮೂಲೆಯಲ್ಲಿ ಎರಡು ನಿಮಿಷ ನಿಲ್ಲಬೇಕು. ಪಾದ ಇಲ್ಲವೆಂಬ ನೆಪ ಬೇಡ, ನನ್ನ ಬೂಟುಗಳನ್ನು ಕೊಡುತ್ತೇನೆ. ಅದಾಗದಿದ್ದರೆ, ನಾಳಿನ ಕಾಂಕ್ರೀಟ್ ಲಾರಿಯ ಚೀಟಿಯನ್ನೂ ಇಷ್ಟೇ ಮುತುವರ್ಜಿಯಿಂದ ಅನುವಾದಿಸಿ, 'ಬೆಳಗ್ಗೆ ಹತ್ತು' ಎಂಬುದನ್ನು 'ಬರುವ ವರ್ಷ' ಎಂದು ಮಾಡಿಕೊಡಬೇಕು. ಅದೂ ಕಷ್ಟವೆಂದರೆ, ಸಹಿಯನ್ನು ತಾವೇ ಹಾಕಿ, ನೆಲ ಕುಸಿದ ದಿನ ಬಂದು ಗೋಡೆಯನ್ನು ತಾವೇ ಹಿಡಿದುಕೊಂಡಿರಬೇಕು.

ನಗುತ್ತಲೇ ಬರೆಯುತ್ತಿದ್ದೇನೆ, ಆದರೆ ನನಗೆ ಭಯವಾಗಿದೆ. ಆ ಕೋಣೆಯಲ್ಲಿ ನೋವು ತಿನ್ನುತ್ತಾ ಮಲಗುವ ಹೆಣ್ಣುಮಗಳಿಗೆ ತನ್ನ ಕೆಳಗಿನ ನೆಲ ಎಷ್ಟು ಸಲ ಉತ್ತೀರ್ಣವಾಗಿತ್ತೆಂದು ಗೊತ್ತಿರುವುದಿಲ್ಲ. ಗೊತ್ತಿರುವವಳು ನಾನು. ಆದ್ದರಿಂದ ಸಹಿ ಹಾಕುವುದಿಲ್ಲ, ಹಾಕಲು ಬಂದವರಿಗೆ ಪೆನ್ನನ್ನೂ ಕೊಡುವುದಿಲ್ಲ.

ಇಷ್ಟು ಉದ್ದದ ಪತ್ರವನ್ನು ತಾವು ಓದುವುದಿಲ್ಲವೆಂಬ ಪೂರ್ಣ ಭರವಸೆಯೊಂದಿಗೆ,

ತಮ್ಮ ವಿಶ್ವಾಸಿ,
ಹಿಮ್ಮಡಿ ಹೂತ ಮಣ್ಣು ಪರೀಕ್ಷಕಿ

ಮರೆತ ಮಾತು: ಐದಕ್ಕೆ ಹತ್ತು ನಿಮಿಷವಿರುವಾಗ ತಾವು ತಪ್ಪು ತಿದ್ದಿಕೊಂಡದ್ದನ್ನು ಕಂಡೆ, ಧನ್ಯಳಾದೆ. ಬೆಟ್ಟಗಳ ನಡುವಿನ ದಾರಿಗೂ ಇಂಗ್ಲಿಷಿನಲ್ಲಿ ಪಾಸ್ ಎನ್ನುತ್ತಾರಂತೆ. ಈಗ ನಮ್ಮ ವರದಿಯಲ್ಲಿ 'ಈಶಾನ್ಯ ಮೂಲೆ, ಕಣಿವೆಗಳು: 3' ಎಂದಿದೆ. ಸಾಹೇಬರು ಹೌಹಾರಿ ಫೋನ್ ಮಾಡಿ, "ಹೆರಿಗೆ ಕೋಣೆಯಲ್ಲಿ ಮೂರು ಕಣಿವೆನಾ? ಸಮ ಆಗೋವರೆಗೂ ರೋಲರ್ ಬಿಡ್ಬೇಡಿ!" ಎಂದರು. ಅಣ್ಣ ಆಗಲೇ ಲಾರಿಗೆ ಹತ್ತಿಸಿದ್ದ ರೋಲರನ್ನು ಇಳಿಸಿ ಕೆಲಸ ಹಿಡಿದಿದ್ದಾರೆ. ಒಂದೊಂದು ಸಲ ಹಾದಾಗಲೂ ಒಂದೊಂದು ಕಣಿವೆ ಹೆಚ್ಚುತ್ತಿದೆ, ಸಾಹೇಬರು "ಐದಾಯ್ತಲ್ರೀ, ಇನ್ನೂ ಹೊಡೀರಿ, ನಿಲ್ಲಿಸ್ಬೇಡಿ" ಎಂದು ಕೂಗುತ್ತಿದ್ದಾರೆ. ಎಂಟನೆಯ ಕಣಿವೆ ಆಗುವವರೆಗೆ ತಾವು ಕನ್ನಡದ ಒಂದಕ್ಷರವನ್ನೂ ತಿದ್ದಬಾರದೆಂದು, ತಮಗೆ ಇಲ್ಲದ ಕಾಲುಗಳನ್ನು ಹಿಡಿದು ಬೇಡುತ್ತೇನೆ.